ಹತ್ತೊಂಬತ್ತನೇ ಪ್ರಶ್ನೆ

ನೋಟೀಸ್ ಬೋರ್ಡಿನ ಗಾಜು ಒಡೆದು ಎರಡು ತಿಂಗಳಾಗಿತ್ತು. ಹೊಸ ಗಾಜು ಹಾಕಿಸಲು ಯಾರಿಗೂ ಪುರುಸೊತ್ತಿಲ್ಲ, ಅದರೊಳಗೆ ದಿನಕ್ಕೊಂದು ಕಾಗದ ಅಂಟಿಸಲು ಮಾತ್ರ ಎಲ್ಲಿಲ್ಲದ ಪುರುಸೊತ್ತು! ಆ ಶುಕ್ರವಾರ ಬೆಳಿಗ್ಗೆ ಎರಡು ಕಾಗದಗಳು ಒಟ್ಟಿಗೆ ಬಂದು ಕೂತಿದ್ದವು. ರಸಾಯನಶಾಸ್ತ್ರ ವಿಭಾಗದ ಕಚೇರಿ ನೋಡಿಕೊಳ್ಳುವ ಹೆಂಗಸು, ಇಪ್ಪತ್ತಾರು ವರ್ಷಗಳಿಂದ ಎಲ್ಲರ ಬಾಯಲ್ಲೂ ಆಫೀಸಕ್ಕ, ಕನ್ನಡಕ ಏರಿಸಿ ಮೊದಲನೆಯದನ್ನು ಓದಿದಳು. ಓದುತ್ತಾ ಓದುತ್ತಾ ಅವಳ ಕಿವಿ ಬಿಸಿಯಾಯಿತು.

ಯುದ್ಧಕಾಲದಲ್ಲಿ ವಿಶ್ವವಿದ್ಯಾಲಯದ ಸಿಬ್ಬಂದಿಯ ಮನಸ್ಸು ಹೇಗಿದೆ ಎಂಬ ಸಮೀಕ್ಷೆ ಮುಗಿದಿತ್ತಂತೆ. ಅರವತ್ತಕ್ಕೆ ಎಷ್ಟು ಅಂಕವೋ ಅಷ್ಟು ತೊಂದರೆ. ಹೆಂಗಸರ ಸರಾಸರಿ ಮೂವತ್ತನಾಲ್ಕು, ಗಂಡಸರದ್ದು ಮೂರು. ಆದ್ದರಿಂದ ಪುರುಷ ಸಿಬ್ಬಂದಿಯ ಮನೋಬಲ ಅಚಲವಾಗಿದೆಯೆಂದೂ, ಮಹಿಳಾ ಸಿಬ್ಬಂದಿ ಸ್ವಭಾವತಃ ದುರ್ಬಲರಾದ್ದರಿಂದ ಮೂವತ್ತು ಅಂಕ ದಾಟಿದವರನ್ನೆಲ್ಲ ಮುಂದಿನ ತಿಂಗಳಿನಿಂದ ಪಾಠ, ಪ್ರಯೋಗಾಲಯ, ಕಚೇರಿಗಳಿಂದ ಬಿಡಿಸಿ ಕಡ್ಡಾಯ ವಿಶ್ರಾಂತಿಗೆ ಕಳಿಸತಕ್ಕದ್ದೆಂದೂ ಬರೆದು ಕುಲಸಚಿವರು ಸಹಿ ಜಡಿದಿದ್ದರು. ಸ್ವಭಾವತಃ ಅಂತೆ! ಆರು ತಿಂಗಳಿಂದ ಮಕ್ಕಳನ್ನು ನೆಲಮಾಳಿಗೆಯಲ್ಲಿ ಮಲಗಿಸಿ, ಮುದುಕರನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲಿಳಿಸಿ, ಒಂಬತ್ತಕ್ಕೆ ಸರಿಯಾಗಿ ಹಾಜರಿ ಹಾಕಿದವರ ಸ್ವಭಾವದ ಬಗ್ಗೆ ಬರೆದ ಮಾತು ಇದು.

ಎರಡನೆಯದು ಚಾವಣಿ ಕಾವಲಿನ ಪಟ್ಟಿ. ಐದಕ್ಕಿಂತ ಕಡಿಮೆ ಅಂಕ ಬಂದ, ಐವತ್ತು ವರ್ಷ ದಾಟದ ಗಂಡಸರು ಸರದಿಯಲ್ಲಿ ಒಬ್ಬೊಬ್ಬರಾಗಿ ಗ್ರಂಥಾಲಯದ ಒಂಬತ್ತು ಮಹಡಿ ಹತ್ತಿ, ಚಾವಣಿಯ ಮೇಲೆ ಆರು ಗಂಟೆ ನಿಂತು, ಊರಲ್ಲಿ ಎಲ್ಲಿ ಬಾಂಬು ಬಿತ್ತು, ಎಲ್ಲಿ ಹೊಗೆ ಎದ್ದಿತು ಎಂದು ಫೋನಿನಲ್ಲಿ ಹೇಳಬೇಕು. ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಶುರು. ಪಟ್ಟಿಯ ಮೊದಲ ಸಾಲಿನಲ್ಲೇ ರಸಾಯನಶಾಸ್ತ್ರ ವಿಭಾಗದ ಗಾಜು ಕೆಲಸದವನು, ಅಂಕ ಸೊನ್ನೆ.

ಗಾಜು ಕೆಲಸದವನು ಆಫೀಸಕ್ಕನ ಒಡಹುಟ್ಟಿದ ತಮ್ಮ. ಆ ಸೊನ್ನೆ ಹಾಕಿದವಳು ಅವಳೇ.

ಬೆಂಕಿಯ ಮುಂದೆ ಕೂತು, ಗಾಜಿನ ಕೊಳವೆ ಕಾಯಿಸಿ, ತಿರುಗಿಸಿ, ಊದಿ, ಪ್ರಯೋಗಾಲಯಕ್ಕೆ ಬೇಕಾದ ಪಾತ್ರೆಗಳನ್ನು ಮಾಡಿಕೊಡುವುದು ತಮ್ಮನ ಕೆಲಸ. ಕೂದಲೆಳೆಯಷ್ಟು ಸಣ್ಣ ಕೊಳವೆಯನ್ನೂ ಕಣ್ಣು ಮಿಟುಕಿಸದೆ ಬೆಸೆಯುತ್ತಿದ್ದ. ಎರಡು ತಿಂಗಳ ಹಿಂದೆ ಬಸ್ ನಿಲ್ದಾಣದ ಮೇಲೆ ಬಾಂಬು ಬಿದ್ದಾಗ ಅವನು ಅಲ್ಲಿದ್ದ. ಮೈಮೇಲೆ ಒಂದು ಗೀರೂ ಇಲ್ಲದೆ ಮನೆಗೆ ಬಂದ. ಬಂದವನೇ ನಲ್ಲಿಯ ಕೆಳಗೆ ಕೈಯಿಟ್ಟು ತೊಳೆಯತೊಡಗಿದ. ತೊಟ್ಟಿಯ ನೀರು ಖಾಲಿಯಾಗುವ ತನಕ ತೊಳೆದ. ಏನು ಮುಟ್ಟಿದ್ದ, ಯಾರನ್ನು ಎತ್ತಿದ್ದ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ಅವತ್ತಿನಿಂದ ಕೈ ನಡುಗಲು ಶುರುವಾಗಿ ಒಂದೇ ಒಂದು ಕೊಳವೆ ನೆಟ್ಟಗೆ ಬಂದಿಲ್ಲ. ಆಫೀಸಕ್ಕ ಕೆಲಸದ ಪುಸ್ತಕದಲ್ಲಿ 'ಗ್ಯಾಸ್ ಸರಬರಾಜಿಲ್ಲ' ಎಂದು ಬರೆದು ಬರೆದು ಎಲ್ಲವನ್ನೂ ಮುಚ್ಚಿಡುತ್ತಿದ್ದಳು. ಅವನು ಹೊತ್ತಿಸದ ಬರ್ನರಿನ ಮುಂದೆ ಕಿಟಕಿಗೆ ಬೆನ್ನು ಹಾಕಿ ಕೂತಿರುತ್ತಿದ್ದ.

ಒಂದು ಬೆಳಿಗ್ಗೆ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾ ಅವಳು, "ಈ ಹಗ್ಗ ಸ್ವಲ್ಪ ಎಳೆದು ಕಟ್ಟೋ" ಎಂದಳು. ಮೂರನೇ ಮಹಡಿ. ಅವನು ಹೊಸ್ತಿಲಲ್ಲೇ ನಿಂತುಬಿಟ್ಟ.

"ಅಕ್ಕ, ನನ್ನ ಇಲ್ಲಿ ನಿಲ್ಲಿಸಬೇಡ. ಕೆಳಗೆ ನೋಡಿದ್ರೆ ಕಾಲು ತಾನಾಗೇ ಮುಂದೆ ಹೋಗುತ್ತೆ."

ಚಹಾ ಬೇಕು ಎಂದ ಹಾಗೆ, ಅಷ್ಟೇ ಸಲೀಸಾಗಿ ಹೇಳಿದ. ಅವಳು ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಒಳಗೆ ಬಂದು, ಬಾಗಿಲು ಎಳೆದು ಬೀಗ ಹಾಕಿ, ಬೀಗದಕೈಯನ್ನು ತನ್ನ ಚೀಲಕ್ಕೆ ಸೇರಿಸಿದಳು. ಅಂದಿನಿಂದ ಆ ಮನೆಯ ಬಟ್ಟೆ ಅಡುಗೆಮನೆಯಲ್ಲಿ ಒಣಗುತ್ತಿತ್ತು.

ಬಾಲ್ಕನಿಗೆ ಬೀಗ ಹಾಕಿದ ಅದೇ ಕೈ ಸೊನ್ನೆ ಹಾಕಿದ್ದು ಹೇಗೆ? ಅದು ಹೀಗಾಯಿತು.

ಮೂರು ವಾರದ ಹಿಂದೆ ಫಾರ್ಮುಗಳು ಬಂದವು. ಇಪ್ಪತ್ತು ಪ್ರಶ್ನೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕದ ನಾಲ್ಕು ಚೌಕ: ಇಲ್ಲವೇ ಇಲ್ಲ, ಕೆಲವು ದಿನ, ಬಹಳ ದಿನ, ದಿನಾಲೂ. ಹೆಂಗಸರನ್ನು ಸಿಬ್ಬಂದಿಯ ಆಪ್ತ ಸಲಹೆಗಾರ್ತಿ ನೆಲಮಾಳಿಗೆಯಲ್ಲಿ ಕೂರಿಸಿಕೊಂಡಳು. ಇನ್ನೂ ಮೂವತ್ತು ತುಂಬದ ಹುಡುಗಿ, ಮಾತು ಮೃದು. "ಹೆಸರು ಬೇಡ, ನೌಕರ ಸಂಖ್ಯೆ ಸಾಕು, ನನ್ನ ಹೊರತು ಯಾರೂ ನೋಡಲ್ಲ" ಎಂದು ಮಾತು ಕೊಟ್ಟಳು. ಆ ಮಾತು ನಂಬಿ ಹೆಂಗಸರು ಮನಸ್ಸು ಬಿಚ್ಚಿ ಬರೆದರು. ಯಾರೋ ಅತ್ತರು, ಯಾರೋ ಅತ್ತವಳಿಗೆ ನೀರು ಕೊಟ್ಟರು. ಆಫೀಸಕ್ಕನೂ ಬರೆದಳು. ಅವಳಿಗೆ ಬಂದದ್ದು ನಲವತ್ತೊಂದು.

ಗಂಡಸರೂ ಅದೇ ರೀತಿ ಕೂರಬೇಕಿತ್ತು. ಕೂರಲಿಲ್ಲ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ, "ನಮಗೇನ್ರೀ ಧಾಡಿ? ಕಲ್ಲುಗುಂಡಿನ ಹಾಗಿದ್ದೀವಿ" ಎಂದು ನಕ್ಕರು. ಸಂಜೆ ವಿಭಾಗದ ಮುಖ್ಯಸ್ಥರು ಹದಿನಾರು ಗಂಡಸರ ಹದಿನಾರು ಫಾರ್ಮು ತಂದು ಅವಳ ಮೇಜಿನ ಮೇಲೆ ಧೊಪ್ಪೆಂದು ಹಾಕಿದರು.

"ಆಫೀಸಕ್ಕ, ಇವನ್ನ ಒಂಚೂರು ತುಂಬಿಬಿಡಿ. ಐದಕ್ಕೆ ತಗೊಂಡು ಹೋಗೋರು ಬರ್ತಾರೆ. ಏನಿದೆ ಅದರಲ್ಲಿ, ಎಲ್ಲ 'ಇಲ್ಲವೇ ಇಲ್ಲ' ಅಂತ ಹಾಕಿ."

ಇದೇನು ಹೊಸದೇ? ರಜಾ ಅರ್ಜಿ, ಪ್ರಯಾಣದ ಬಿಲ್ಲು, ಮಗನ ಶಾಲೆಯ ಫಾರ್ಮು, ಹೆಂಡತಿಯ ಹುಟ್ಟುಹಬ್ಬಕ್ಕೆ ಕಾರ್ಡಿನ ಮೇಲೆ ನಾಲ್ಕು ಸಾಲು, ಎಲ್ಲವನ್ನೂ ಇಪ್ಪತ್ತಾರು ವರ್ಷಗಳಿಂದ ಅವಳೇ ತುಂಬಿದ್ದಳು. ಪೆನ್ನು ಹಿಡಿದು ಮೇಲಿನಿಂದ ಕೆಳಗೆ ಒಂದೇ ಸಮನೆ ಗುರುತು ಹಾಕುತ್ತಾ ಹೋದಳು. ತಮ್ಮನ ಫಾರ್ಮು ಬಂದಾಗ ಕೈ ನಿಂತಿತು. ಅವನೂ ಬಾಗಿಲಲ್ಲಿ ಇಣುಕಿ "ನೀನೇ ತುಂಬಕ್ಕ" ಎಂದು ಹೇಳಿ ಹೋಗಿದ್ದ. ಹನ್ನೆರಡನೇ ಪ್ರಶ್ನೆ: ಬದುಕು ಸಾಕೆನಿಸಿದೆಯೇ? ಅವಳು ಚೀಲದಲ್ಲಿದ್ದ ಬೀಗದಕೈಯನ್ನು ಒಮ್ಮೆ ಮುಟ್ಟಿ ನೋಡಿದಳು. ನಿಜ ಬರೆದರೆ ಎಲ್ಲರಿಗೂ ಗೊತ್ತಾಗುತ್ತದೆ, ಸ್ಟಾಫ್ ರೂಮಿನಲ್ಲಿ ಅವನ ಹೆಸರು ಹಿಡಿದು ಹಲ್ಲು ಕಿರಿಯುತ್ತಾರೆ ಅನ್ನಿಸಿತು. 'ಇಲ್ಲವೇ ಇಲ್ಲ' ಎಂದು ಗುರುತು ಹಾಕಿ ಮುಂದಿನ ಹಾಳೆಗೆ ಹೋದಳು. ಮರ್ಯಾದೆ ಉಳಿಸಿದೆ ಎಂದುಕೊಂಡಿದ್ದಳು ಪುಣ್ಯಾತ್ಗಿತ್ತಿ!

ಶುಕ್ರವಾರ ಮಧ್ಯಾಹ್ನ ಅವಳು ನೇರವಾಗಿ ಸಲಹೆಗಾರ್ತಿಯ ಕೋಣೆಗೆ ನುಗ್ಗಿದಳು. ಹುಡುಗಿ ಅಳುವುದೊಂದು ಬಾಕಿ.

"ಅಕ್ಕ, ಯಾರಿಗೂ ತೋರಿಸಲ್ಲ ಅಂತ ಮಾತು ಕೊಟ್ಟಿದ್ದೆ. ಕುಲಸಚಿವರ ಕಚೇರಿಯವರು ಕಟ್ಟನ್ನೇ ಎತ್ತಿಕೊಂಡು ಹೋಗಿ, ನೌಕರ ಸಂಖ್ಯೆ ನೋಡಿ ಹೆಸರು ಹುಡುಕಿದ್ದಾರೆ. ಮೇಲಿನ ಮೊತ್ತ ಮಾತ್ರ ಕೂಡಿಸಿದ್ದಾರೆ, ಒಂದು ಫಾರ್ಮನ್ನೂ ಓದಿಲ್ಲ. ಇವತ್ತು ಕಟ್ಟು ವಾಪಸ್ ಬಂತು."

"ನನ್ನ ತಮ್ಮಂದು ತೆಗಿ."

ಹುಡುಗಿ ಹುಡುಕಿ ಕೊಟ್ಟಳು. ಆಫೀಸಕ್ಕ ತನ್ನದೇ ಗುರುತುಗಳನ್ನು ಒಂದೊಂದಾಗಿ ನೋಡುತ್ತಾ ಬಂದು ಹತ್ತೊಂಬತ್ತಕ್ಕೆ ತಲುಪಿದವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

'ಯುದ್ಧ ಶುರುವಾದ ಮೇಲೆ ನಿಮ್ಮ ಮುಟ್ಟಿನ ದಿನಗಳಲ್ಲಿ ಏರುಪೇರಾಗಿದೆಯೇ? ಮಹಿಳೆಯರಿಗೆ ಮಾತ್ರ, ಪುರುಷರು ಖಾಲಿ ಬಿಡುವುದು.'

ಇಲ್ಲವೇ ಇಲ್ಲ, ಎಂದು ಅವಳ ತಮ್ಮ ಉತ್ತರ ಕೊಟ್ಟಿದ್ದ. ಮುಖ್ಯಸ್ಥರೂ ಅದೇ ಉತ್ತರ ಕೊಟ್ಟಿದ್ದರು. ಹದಿನಾರು ಜನರದ್ದೂ ಅದೇ. ಮೇಲಿನಿಂದ ಕೆಳಗೆ ಓಡಿದ ಕೈ ಅಲ್ಲಿ ನಿಂತಿರಲೇ ಇಲ್ಲ.

"ಅಯ್ಯೋ ದೇವರೇ" ಎಂದು ಅವಳು ಕಟ್ಟನ್ನೇ ಮುಂದಕ್ಕೆಳೆದುಕೊಂಡಳು.

"ಅಕ್ಕ, ಹಾಗೆಲ್ಲ ನೋಡಬಾರದು. ಗುಟ್ಟಿನದು."

"ಗಂಡಸರದ್ದು ಮಾತ್ರ ನೋಡ್ತೀನಮ್ಮ. ಅದರಲ್ಲಿ ಅವರ ಗುಟ್ಟು ಇದ್ದರೆ ತಾನೆ!"

ಹಾಳೆ ತಿರುವಿದಂತೆಲ್ಲ ಅವಳ ಮೈ ಉರಿಯತೊಡಗಿತು. ವಿಶ್ವವಿದ್ಯಾಲಯದ ಪ್ರತಿ ಕಚೇರಿಯ ಹೆಂಗಸಿನ ಕೈಯೂ ಅವಳಿಗೆ ಗೊತ್ತು, ಇಪ್ಪತ್ತಾರು ವರ್ಷ ಅವರ ಟಿಪ್ಪಣಿ ಓದಿದ್ದಾಳೆ. ಬಾಲ ಉದ್ದ ಎಳೆದ ಈ ಗುರುತು ಭೂಗೋಳದವಳದ್ದು. ಕಾಗದ ಹರಿಯುವ ಹಾಗೆ ಒತ್ತಿದ್ದು ಇತಿಹಾಸ ವಿಭಾಗದವಳದ್ದು. ಹಸಿರು ಶಾಯಿ ಪರೀಕ್ಷಾ ಶಾಖೆಯದು. ನೂರ ನಲವತ್ತಮೂರು ಗಂಡಸರ ಫಾರ್ಮಿನಲ್ಲಿ ನೂರ ಹದಿನೆಂಟು ಮಂದಿ ಹತ್ತೊಂಬತ್ತನೇ ಪ್ರಶ್ನೆಗೆ ಉತ್ತರ ಕೊಟ್ಟಿದ್ದರು, ತಿಂಗಳು ತಿಂಗಳೂ ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು. ಹೆಂಗಸರ ಸಂಕಟವನ್ನು ಹೆಂಗಸರು ಬರೆದಿದ್ದರು. ಗಂಡಸರ ಅಚಲ ಮನೋಬಲವನ್ನೂ ಹೆಂಗಸರೇ ಬರೆದಿದ್ದರು, ಸಂಜೆ ಐದರೊಳಗೆ, ಬೇರೆ ಕೆಲಸಗಳ ನಡುವೆ. ಅದನ್ನು ಹಿಡಿದುಕೊಂಡು ಈಗ ಅವರನ್ನೇ ಮನೆಗೆ ಅಟ್ಟುತ್ತಿದ್ದಾರೆ.

ಸಲಹೆಗಾರ್ತಿ ಮೊದಲು ನಕ್ಕಳು. ನಗುತ್ತಾ ನಗುತ್ತಾ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಆಮೇಲೆ ಕಟ್ಟನ್ನು ದಾರದಿಂದ ಬಿಗಿದು ಆಫೀಸಕ್ಕನ ಕೈಗಿಟ್ಟು, "ಸೋಮವಾರ ಹತ್ತಕ್ಕೆ ಸಭೆ ಇದೆ, ವರದಿಗೆ ಒಪ್ಪಿಗೆ ಕೊಡೋಕೆ. ನಾನೂ ಬರ್ತೀನಿ" ಎಂದಳು.

ಶನಿವಾರ ಅವಳು ಮುಖ್ಯಸ್ಥರಿಗೆ ವಿಷಯ ತಿಳಿಸಿದಳು. ಮೊದಲು ಅವರಿಗೆ ಹೇಳುವುದು ಪದ್ಧತಿ. ಅವರ ಮುಖ ಸುಣ್ಣ ಬಳಿದ ಗೋಡೆಯಾಯಿತು.

"ಬಿಟ್ಟುಬಿಡಿ ಆಫೀಸಕ್ಕ. ಹೊರಗೆ ಬಂದ್ರೆ ನಗೆಪಾಟಲು. ನಾವು ಗಂಡಸರು ತಲೆ ಎತ್ತಿಕೊಂಡು ಓಡಾಡೋದು ಬೇಡವಾ?"

"ನನ್ನ ತಮ್ಮ ಚಾವಣಿ ಮೇಲೆ ಹೋಗೋದಿಲ್ಲ ಸಾರ್. ಹೋಗಬಾರದು. ನಿಮಗೆ ಗೊತ್ತು ಅವನು ಹೇಗಿದ್ದಾನೆ ಅಂತ."

"ಗಾಳಿ ಬೆಳಕು ಬಿದ್ರೆ ಸರಿ ಹೋಗ್ತಾನೆ ಬಿಡಿ."

ಅವಳು ಅವರ ಮುಖವನ್ನೇ ನೋಡಿದಳು. ಸೈರನ್ ಕೂಗಿದಾಗಲೆಲ್ಲ ಈ ಮನುಷ್ಯ ಎಲ್ಲರ ಜೊತೆ ನೆಲಮಾಳಿಗೆಗೆ ಬರದೆ ರಾಸಾಯನಿಕಗಳ ಉಗ್ರಾಣ ಹೊಕ್ಕು, ಎರಡೂ ಕಿವಿ ಮುಚ್ಚಿಕೊಂಡು, "ಹೈಡ್ರೋಜನ್, ಹೀಲಿಯಂ, ಲಿಥಿಯಂ" ಎಂದು ಒಂದೇ ಸಮನೆ ಗೊಣಗುತ್ತಾರೆ. ಉಗ್ರಾಣದ ಬೀಗದಕೈ ಇರುವುದು ಅವಳ ಹತ್ತಿರ. ಸೈರನ್ ನಿಂತ ಮೇಲೆ ಬಾಗಿಲು ತೆಗೆದು, ಅವರಿಗೆ ನೀರು ಕೊಟ್ಟು, ಏನೂ ಕಾಣದವಳ ಹಾಗೆ ಬರುವುದೂ ಅವಳ ಕೆಲಸಗಳಲ್ಲಿ ಒಂದು. ಅವರ ಫಾರ್ಮಿಗೂ ಅವಳು ಸೊನ್ನೆಯನ್ನೇ ಹಾಕಿದ್ದಳು. ಅದನ್ನೀಗ ಅವರ ಮುಖಕ್ಕೆ ಎಸೆಯಬೇಕೆಂದು ನಾಲಿಗೆ ತುದಿಯವರೆಗೂ ಬಂತು. ಹಲ್ಲು ಕಚ್ಚಿ ನುಂಗಿಕೊಂಡಳು.

ಭಾನುವಾರ ತಮ್ಮ ಅಡುಗೆಮನೆಯಲ್ಲಿ ಒಣಗಿದ ಶರ್ಟನ್ನು ತೆಗೆದು ಇಸ್ತ್ರಿ ಮಾಡುತ್ತಿದ್ದ. ಕೈ ನಡುಗಿ ತೋಳಿನ ಮೇಲೆ ಎರಡೆರಡು ಗೆರೆ ಮೂಡಿದ್ದವು.

"ಹೋಗಲ್ಲ ಅಂತ ಹೇಳೋ. ಬಾಯಿಲ್ವಾ ನಿನಗೆ?" ಎಂದಳು ಅವಳು.

"ಹೋಗಲ್ಲ ಅಂದ್ರೆ ಯಾಕೆ ಅಂತಾರೆ. ಏನು ಹೇಳಲಿ? ಹೆಂಗಸರ ಪಟ್ಟಿಗೆ ಸೇರಿಸಿ ಅನ್ನಲಾ?"

"ಸೇರಿಸಿದ್ರೆ ಏನು ಮೂಗು ಉದುರಿ ಹೋಗುತ್ತಾ? ಅದರಲ್ಲಿ ನಾನಿದ್ದೀನಲ್ಲೋ!"

ಅವನು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ಮೇಲೆ ಹತ್ತೋದು ಕಷ್ಟ ಅಲ್ಲ ಅಕ್ಕ" ಎಂದಷ್ಟೇ ಹೇಳಿದ. ಮಿಕ್ಕಿದ್ದನ್ನು ಅವಳು ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಅವಳಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು, ಕೆನ್ನೆಗೆ ಎರಡು ಬಿಗಿಯಬೇಕೆಂದೂ ಅನಿಸಿತು.

ಸೋಮವಾರ ಹತ್ತಕ್ಕೆ ಶುರುವಾಗಬೇಕಿದ್ದ ಸಭೆ ಹತ್ತೂ ಮುಕ್ಕಾಲಿಗೆ ಶುರುವಾಯಿತು. ಕಿಟಕಿಗಳಿಗೆಲ್ಲ ಅಡ್ಡಡ್ಡ ಕಾಗದದ ಪಟ್ಟಿ ಅಂಟಿಸಿದ ಉದ್ದನೆಯ ಕೋಣೆ. ಸುತ್ತ ಹದಿನೆಂಟು ವಿಭಾಗಗಳ ಮುಖ್ಯಸ್ಥರು, ಎಲ್ಲರೂ ಗಂಡಸರು. ಮೇಜಿನ ತುದಿಯಲ್ಲಿ ಕುಲಸಚಿವರು. ಅವರ ಪಕ್ಕ ನಡಾವಳಿ ಬರೆದುಕೊಳ್ಳಲು ಅವರ ಸ್ಟೆನೋ, ಹದಿನೈದು ವರ್ಷದಿಂದ ಅವರ ಎಲ್ಲ ಪತ್ರಗಳನ್ನೂ ಬರೆದ ಹೆಂಗಸು. ಆಫೀಸಕ್ಕನಿಗೆ ಅಲ್ಲಿ ಕುರ್ಚಿಯಿರಲಿಲ್ಲ. ಕಡತ ತಂದವಳ ಹಾಗೆ ಒಳಗೆ ಬಂದು, ಸಲಹೆಗಾರ್ತಿಯ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಗೋಡೆ ಗಡಿಯಾರದ ಮುಳ್ಳು ಅವಳ ಎದೆಯ ಮೇಲೇ ಓಡುತ್ತಿತ್ತು.

ಹನ್ನೊಂದೂ ಕಾಲಿಗೆ ಕುಲಸಚಿವರು, "ಹಾಗಾದರೆ ವರದಿಗೆ ಎಲ್ಲರ ಒಪ್ಪಿಗೆ ಇದೆ ಅಂತ ಬರ್ಕೊಳ್ಳಿ, ಸಚಿವಾಲಯಕ್ಕೆ ಇವತ್ತೇ ಹೋಗಲಿ" ಎಂದರು.

"ನನ್ನ ಒಪ್ಪಿಗೆ ಇಲ್ಲ ಸಾರ್" ಎಂದಳು ಆಫೀಸಕ್ಕ.

ಹದಿನೆಂಟು ತಲೆ ಅತ್ತ ತಿರುಗಿದವು.

"ಯಾರಮ್ಮ ನೀವು?"

"ರಸಾಯನಶಾಸ್ತ್ರದ ಕಚೇರಿಯವಳು. ಆ ವರದಿ ಸುಳ್ಳು. ನಮ್ಮ ವಿಭಾಗದ ಹದಿನಾರು ಗಂಡಸರ ಫಾರ್ಮು ತುಂಬಿದ್ದು ನಾನು. ಒಬ್ಬರನ್ನೂ ಒಂದು ಪ್ರಶ್ನೆ ಕೇಳಿಲ್ಲ. ಮೇಲಿಂದ ಕೆಳಗೆ ಗೀಚಿದ್ದೀನಿ. ಅದನ್ನ ನಂಬಿ ಇನ್ನು ಮುಕ್ಕಾಲು ಗಂಟೆಗೆ ನನ್ನ ತಮ್ಮನ್ನ ಒಂಬತ್ತನೇ ಮಹಡಿ ಮೇಲೆ ಒಬ್ಬನೇ ನಿಲ್ಲಿಸ್ತಿದ್ದೀರಿ. ಅವನು ಅಲ್ಲಿಂದ ಮೆಟ್ಟಿಲಿಳಿದು ಬರಲ್ಲ ಸಾರ್. ಅರ್ಥ ಆಯ್ತಾ?"

ಕುಲಸಚಿವರು ಕನ್ನಡಕದ ಮೇಲಿಂದ ಅವಳನ್ನು ನೋಡಿ, ಎದುರಿನ ಪಟ್ಟಿಯ ಮೇಲೆ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು. ಅವರ ತುಟಿಯ ಮೇಲೆ ಸಣ್ಣ ನಗು.

"ನಿಮ್ಮ ಅಂಕ ನಲವತ್ತೊಂದು ಇದೆಯಲ್ಲಮ್ಮ. ಅಂದ್ರೆ ನಿದ್ದೆ ಇಲ್ಲ, ಭಯ, ಕೋಪ ಹತೋಟಿಯಲ್ಲಿಲ್ಲ ಅಂತ ನೀವೇ ಒಪ್ಕೊಂಡ ಹಾಗೆ. ಇಂಥ ಸ್ಥಿತಿಯಲ್ಲಿರೋರ ಮಾತನ್ನ ಸಭೆ ಹೇಗೆ ನಂಬೋದು? ನಿಮಗೆ ವಿಶ್ರಾಂತಿ ಬೇಕು, ಅದಕ್ಕೇ ವ್ಯವಸ್ಥೆ ಮಾಡ್ತಿರೋದು."

ಎಂಥ ಮಾತು! ನಂಬಿ ಬರೆದುಕೊಟ್ಟ ಕಾಗದವನ್ನೇ ಮಡಚಿ ಅವಳ ಬಾಯಿಗೆ ತುರುಕಿದ ಹಾಗಾಯಿತು. ಅವಳು ತನ್ನ ಮುಖ್ಯಸ್ಥರ ಕಡೆ ತಿರುಗಿದಳು.

"ಸಾರ್, ನೀವು ಹೇಳಿ. ಆ ಫಾರ್ಮುಗಳನ್ನ ನನ್ನ ಮೇಜಿನ ಮೇಲೆ ಹಾಕಿದ್ದು ಯಾರು?"

ಮುಖ್ಯಸ್ಥರು ಎದುರಿಗಿದ್ದ ನೀರಿನ ಲೋಟದೊಳಗೆ ಏನನ್ನೋ ಹುಡುಕುತ್ತಿದ್ದರು. ತಲೆ ಎತ್ತಲಿಲ್ಲ. ಉಗ್ರಾಣದ ಬಾಗಿಲು ತೆಗೆದು ಎಷ್ಟು ಸಲ ನೀರು ಕೊಟ್ಟಿದ್ದಾಳೆ ಈ ಮಹಾನುಭಾವನಿಗೆ!

ಆಗ ಅವಳು ಕಟ್ಟಿನ ದಾರ ಎಳೆದಳು.

"ನನ್ನ ಮಾತು ನಂಬಬೇಡಿ ಸಾರ್. ನಿಮ್ಮ ಗಂಡಸರ ಮಾತು ನಂಬಿ. ಹತ್ತೊಂಬತ್ತನೇ ಪ್ರಶ್ನೆ ಓದ್ತೀನಿ, ಕೇಳಿ." ಓದಿದಳು, ಒಂದಕ್ಷರ ನುಂಗದೆ, ಮುಟ್ಟು ಎಂಬ ಶಬ್ದವನ್ನು ಕೋಣೆಯ ಮೂಲೆ ಮೂಲೆಗೂ ಕೇಳಿಸುವ ಹಾಗೆ. ಕೆಲವರು ಕುರ್ಚಿಯಲ್ಲೇ ಹಿಂದೆ ಸರಿದರು. "ಇದಕ್ಕೆ ಭೂಗೋಳ ವಿಭಾಗದ ಒಂಬತ್ತು ಗಂಡಸರು ಉತ್ತರ ಕೊಟ್ಟಿದ್ದಾರೆ, ಏರುಪೇರು ಇಲ್ಲವೇ ಇಲ್ಲ ಅಂತ. ಇತಿಹಾಸದ ಹನ್ನೊಂದು ಜನ, ಪರೀಕ್ಷಾ ಶಾಖೆಯ ಹದಿನಾಲ್ಕು. ಒಟ್ಟು ನೂರ ಹದಿನೆಂಟು ಗಂಡಸರಿಗೆ ಮುಟ್ಟು ಸರಿಯಾಗಿ ಆಗ್ತಿದೆಯಂತೆ. ಸಚಿವಾಲಯಕ್ಕೆ ಇದನ್ನೂ ಕಳಿಸಿ. ಅಚಲವಾಗಿದೆ ಅಂತ ಬರೀರಿ!"

"ಏನಮ್ಮ ಇದು ಅಸಭ್ಯ..." ಎಂದು ಕುಲಸಚಿವರು ಎದ್ದರು.

"ನೌಕರ ಸಂಖ್ಯೆ ಎರಡು" ಎಂದು ಅವಳು ಕೊನೆಯ ಹಾಳೆ ಎತ್ತಿ ಹಿಡಿದಳು. "ಇದು ನಿಮ್ಮದೇ ಅಲ್ವಾ ಸಾರ್? ನಿಮಗೂ ಏರುಪೇರಿಲ್ಲ."

ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ, ನಗು. ಕುಲಸಚಿವರ ಕುತ್ತಿಗೆಯಿಂದ ಕೆಂಪು ಮೇಲಕ್ಕೆ ಹತ್ತಿತು. ಅವರು ಪಕ್ಕಕ್ಕೆ ತಿರುಗಿ ಸ್ಟೆನೋ ಮೇಲೆ ಹರಿಹಾಯ್ದರು. "ಯಾರ್ರೀ ಇದನ್ನ ತುಂಬಿದ್ದು?"

ಸ್ಟೆನೋ ತಲೆ ಎತ್ತಿದಳು. ಹದಿನೈದು ವರ್ಷದಲ್ಲಿ ಆ ಕೋಣೆಯಲ್ಲಿ ಅವಳ ದನಿಯನ್ನು ಯಾರೂ ಕೇಳಿರಲಿಲ್ಲ.

"ನಾನೇ ಸಾರ್. ನೀವೇ ಹೇಳಿದ್ರಿ, ಏನೋ ಒಂದು ಹಾಕಿ ಕಳಿಸು ಅಂತ." ಪೆನ್ನನ್ನು ಪುಸ್ತಕದ ಮೇಲೆ ಹಾಗೇ ಹಿಡಿದು ಕೇಳಿದಳು: "ಇದನ್ನೂ ನಡಾವಳಿಯಲ್ಲಿ ಬರ್ಕೊಳ್ಳಲಾ ಸಾರ್?"

ಕುಲಸಚಿವರು ಕೂತರು. ಆಫೀಸಕ್ಕ ಅವರಿಗೆ ಉಸಿರಾಡಲು ಬಿಡಲಿಲ್ಲ.

"ನಿಜ ಹೇಳಿದವರನ್ನ ಮನೆಗೆ ಕಳಿಸ್ತೀರಿ, ಸುಳ್ಳು ಬರೆಸಿದವರನ್ನ ಮಾಳಿಗೆ ಹತ್ತಿಸ್ತೀರಿ. ಎರಡೂ ಪಟ್ಟಿ ಹರೀರಿ ಸಾರ್. ಪ್ರತಿಯೊಬ್ಬ ಗಂಡಸೂ ಈ ಹುಡುಗಿ ಮುಂದೆ ಕೂತು, ತನ್ನ ಕೈಯಾರೆ ಬರೀಲಿ. ಆಮೇಲೆ ಯಾರು ಗಟ್ಟಿ ಅಂತ ನೋಡೋಣ. ನನಗೆ ಆದೇಶ ಈಗಲೇ ಬೇಕು, ಕಾಗದದ ಮೇಲೆ, ಸಹಿ ಸಮೇತ."

ಬೇರೆ ದಾರಿಯಿರಲಿಲ್ಲ. ಎರಡೂ ಪಟ್ಟಿಗಳನ್ನು ತಡೆಹಿಡಿಯಲಾಗಿದೆ, ಫಾರ್ಮುಗಳನ್ನು ಹೊಸದಾಗಿ ತುಂಬತಕ್ಕದ್ದು ಎಂದು ಸ್ಟೆನೋ ಬರೆದಳು. ಕುಲಸಚಿವರು ಸಹಿ ಹಾಕಿದರು. ಹಾಕುವಾಗಲೇ, "ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ ಈ ಹೆಂಗಸಿಗೆ ಮೆಮೋ ಕೊಡಿ, ಅಮಾನತು ಮಾಡೋಣ" ಎಂದು ರಸಾಯನಶಾಸ್ತ್ರದ ಮುಖ್ಯಸ್ಥರಿಗೆ ಹೇಳುವುದನ್ನು ಮರೆಯಲಿಲ್ಲ. ತುಂಬಿಸಿದವರಿಗೆ ಏನು ಕೊಡಬೇಕೆಂದು ಆ ಕೋಣೆಯಲ್ಲಿ ಒಬ್ಬರೂ ಕೇಳಲಿಲ್ಲ.

ಹನ್ನೆರಡಕ್ಕೆ ಹದಿನೈದು ನಿಮಿಷವಿತ್ತು. ಆದೇಶ, ಒಂದು ಖಾಲಿ ಫಾರ್ಮು, ಪೆನ್ನು ಹಿಡಿದು ಅವಳು ಹೊರಗೆ ಧಾವಿಸಿದಳು. ಹಿಂದಿನಿಂದ ಮುಖ್ಯಸ್ಥರು ಬಿರಬಿರನೆ ಬಂದರು.

"ಆಫೀಸಕ್ಕ, ಒಂದು ನಿಮಿಷ. ತಪ್ಪು ತಿಳೀಬೇಡಿ, ನನ್ನ ಕೈಯಲ್ಲಿ ಏನೂ ಇಲ್ಲ." ಅವರ ದನಿ ತಗ್ಗಿತು. "ಆ ಮೆಮೋ... ಒಕ್ಕಣೆ ಹೇಗಿರಬೇಕೋ ನನಗೆ ಗೊತ್ತಾಗಲ್ಲ. ವಾಪಸ್ ಬಂದ ಮೇಲೆ ನೀವೇ ಒಂಚೂರು ಟೈಪ್ ಮಾಡಿಕೊಡ್ತೀರಾ?"

ಅವಳು ನಿಂತಳು. ಇಷ್ಟು ಹೊತ್ತು ಉರಿಯುತ್ತಿದ್ದ ಕೋಪ ಒಂದು ಗಳಿಗೆ ತಣ್ಣಗೆ ಗಟ್ಟಿಯಾಯಿತು. ಅವರ ಬಲಗೈಯನ್ನು ನೋಡಿದಳು. ಹಿಡಿದ ಕಡತ ಗಡಗಡ ನಡುಗುತ್ತಿತ್ತು, ತಮ್ಮನ ಕೈಯ ಹಾಗೆಯೇ.

"ನಿಮಗೂ ಕೈಯಿದೆಯಲ್ಲ ಸಾರ್. ನೀವೇ ಬರೀರಿ. ಮೊದಲು ಹೋಗಿ ನಿಮ್ಮ ಫಾರ್ಮು ಬರೀರಿ."

ಚೀಲದಿಂದ ಉಗ್ರಾಣದ ಬೀಗದಕೈ ತೆಗೆದು ಅವರ ಕಡತದ ಮೇಲಿಟ್ಟು ಓಡಿದಳು.

ಗ್ರಂಥಾಲಯದಲ್ಲಿ ಕರೆಂಟಿಲ್ಲ, ಲಿಫ್ಟ್ ನಿಂತಿತ್ತು. ಅವಳಿಗೆ ಐವತ್ತೆರಡು ವರ್ಷ, ಮಂಡಿ ನೋವು. ಮೂರನೇ ಮಹಡಿಗೆ ಉಸಿರು ಕಟ್ಟಿತು. ಐದನೆಯದರಲ್ಲಿ ಚಪ್ಪಲಿ ಕಳಚಿ ಬಿಸಾಕಿದಳು. ಕುಲಸಚಿವರನ್ನು ಬೈದಳು, ಯುದ್ಧ ಶುರು ಮಾಡಿದವರನ್ನು ಬೈದಳು, ಸ್ಟಾಫ್ ರೂಮನ್ನು ಬೈದಳು, ಎಲ್ಲರಿಗಿಂತ ಹೆಚ್ಚು ತನ್ನನ್ನೇ ಬೈದುಕೊಂಡಳು. ತಮ್ಮನನ್ನು ಕೂಗಿ ಕರೆಯಲು ಬಾಯಲ್ಲಿ ಗಾಳಿ ಉಳಿದಿರಲಿಲ್ಲ.

ಏಳನೇ ಮಹಡಿಯ ತಿರುವಿನಲ್ಲಿ ಅವನು ಮೆಟ್ಟಿಲ ಮೇಲೆ ಕೂತಿದ್ದ. ಎರಡು ಗೆರೆಯ ಇಸ್ತ್ರಿ ಶರ್ಟು, ತೊಡೆಯ ಮೇಲೆ ಕಾವಲುಗಾರರ ಹೆಲ್ಮೆಟ್ಟು. ಕಿಟಕಿಗೆ ಬೆನ್ನು, ಮುಖ ಗೋಡೆಗೆ.

"ಅಕ್ಕ" ಎಂದ, ಅವಳು ಬಂದದ್ದರಲ್ಲಿ ಆಶ್ಚರ್ಯವೇ ಇಲ್ಲದವನ ಹಾಗೆ. "ಹನ್ನೊಂದೂವರೆಗೇ ಬಂದೆ. ಇನ್ನೆರಡು ಮಹಡಿ ಬಾಕಿ. ನಿನ್ನ ಊಟದ ಡಬ್ಬಿ ಮೇಜಿನ ಮೇಲೇ ಇದೆ ಅಂತ ಜ್ಞಾಪಕ ಬಂತು. ಅದನ್ನೇ ಯೋಚಿಸ್ತಾ ಕೂತೆ."

ಅವಳು ಅವನ ಪಕ್ಕ ಕುಸಿದು ಕೂತಳು. ಹೆಲ್ಮೆಟ್ಟನ್ನು ಕಿತ್ತು ಕೆಳಕ್ಕೆ ಎಸೆದಳು. ಅದು ಮೆಟ್ಟಿಲಿಂದ ಮೆಟ್ಟಿಲಿಗೆ ಸದ್ದು ಮಾಡುತ್ತಾ ಆರನೇ ಮಹಡಿಯಲ್ಲಿ ಹೋಗಿ ನಿಂತಿತು. ಆದೇಶವನ್ನು ಅವನ ಮುಂದೆ ಹಿಡಿದಳು. ಅವನು ಓದಿದ. ಮತ್ತೊಮ್ಮೆ ಓದಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. ಭುಜ ಮಾತ್ರ ಇಳಿಯಿತು.

ಅವಳು ಖಾಲಿ ಫಾರ್ಮನ್ನು ಅವನ ತೊಡೆಯ ಮೇಲಿಟ್ಟು ಪೆನ್ನು ಕೊಟ್ಟಳು. ಅವನು ನೋಡಿ, ಅಭ್ಯಾಸದ ಹಾಗೆ ಎರಡನ್ನೂ ಅವಳ ಕಡೆಗೇ ಸರಿಸಿದ.

"ನೀನೇ ತುಂಬಕ್ಕ."

"ತುಂಬಲ್ಲ."

"ನನ್ನ ಕೈ..."

"ನಡುಗಲಿ. ಚೌಕದ ಹೊರಗೆ ಬಿದ್ರೂ ಪರವಾಗಿಲ್ಲ. ನಾನು ಓದ್ತೀನಿ, ಗುರುತು ನೀನು ಹಾಕು." ಪೆನ್ನು ಕಸಿದುಕೊಳ್ಳಲು ತನ್ನ ಕೈಯೇ ಹವಣಿಸುತ್ತಿರುವುದು ಅವಳಿಗೆ ತಿಳಿಯಿತು. ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿ ಅದುಮಿ ಕೂತಳು. "ಒಂದನೇ ಪ್ರಶ್ನೆ. ನಿದ್ದೆ ಬರ್ತಿದೆಯಾ?"

ದೂರದಲ್ಲಿ ಎಲ್ಲೋ ಬಿದ್ದ ಸದ್ದಿಗೆ ಕಿಟಕಿಯ ಕಾಗದದ ಪಟ್ಟಿಗಳು ಪಟಪಟ ಎಂದವು.

"ಇಲ್ಲ ಅಕ್ಕ" ಎಂದ ಅವನು. "ಅವತ್ತಿನಿಂದ ಇಲ್ಲ."

"ಹಾಗಾದ್ರೆ ಬರಿ!" ಅವಳು ಚೀರಿದಳು. ಏಳು ಮಹಡಿಗಳಲ್ಲೂ ಕೇಳಿಸುವ ಹಾಗೆ, ಅಳುತ್ತಾ, ಅವನಿಗೆ ಹೊಡೆಯುವವಳ ಹಾಗೆ ಚೀರಿದಳು. "ನನಗೆ ಹೇಳಬೇಡ. ಬರಿಯೋ!"

ಅವನು ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಎಡಗೈಯಿಂದ ಬಲಗೈ ಒತ್ತಿಕೊಂಡು, 'ದಿನಾಲೂ' ಎಂಬ ಚೌಕಕ್ಕೆ ಗುರುತು ಹಾಕಿದ. ಗೆರೆ ಚೌಕ ದಾಟಿ, ಅಂಚು ದಾಟಿ, ಅವನ ಪ್ಯಾಂಟಿನ ಮೇಲೂ ಹರಿಯಿತು.

"ಎರಡನೇದು ಓದು" ಎಂದ.